ಗುರವ್ವಕ್ಕನ ಬಣ್ಣ

ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆ ಕೊಳ್ಳಲು ಬಂದವರಿಗೆ ಗುರವ್ವಕ್ಕ ಕನ್ನಡಿ ತೋರಿಸುತ್ತಿರಲಿಲ್ಲ. ಗಂಡ ಸಂಗಪ್ಪ ನೇಯ್ದಿಟ್ಟ ಸೀರೆಯ ಮಡಿಕೆ ಬಿಚ್ಚಿ ತನ್ನ ಹೆಗಲ ಮೇಲೆಯೇ ಹಾಕಿಕೊಂಡು ಅಂಗಳದ ಬಿಸಿಲಿಗೆ ಬಂದು ನಿಲ್ಲುತ್ತಿದ್ದಳು. ಎಣ್ಣೆಗಪ್ಪು ಬಣ್ಣ, ಗಟ್ಟಿ ಆಳು, ಅದಕ್ಕಿಂತ ಗಟ್ಟಿ ದನಿ. "ಕರೀ ಮೈಮ್ಯಾಲ ಚಂದ ಕಂಡಿದ್ದು ಯಾರ ಮೈಮ್ಯಾಲಾದ್ರೂ ಚಂದ ಕಾಣತೈತಿ, ತೊಗೊಳ್ರಿ" ಎನ್ನುವಳು. ಬಂದವರು ನಗುನಗುತ್ತ ಕೊಳ್ಳುತ್ತಿದ್ದರು.

ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು ಹುನಗುಂದದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನಾನು ಬೆಳ್ಳಗಿದ್ದೂ ಕನ್ನಡಿಗೆ ಅಂಜುವವಳು. "ಅಕ್ಕೋರ, ಮುಖಾ ಏನ್ ಪರೀಕ್ಷಾ ಪೇಪರೇನ್ರಿ, ದಿನಾ ತಿದ್ದಾಕ?" ಎಂದು ಗುರವ್ವಕ್ಕ ಕಾಡುವಳು. ಆಕೆ ಹಾಗೆ ಕಾಡಿದ ದಿನ ನಾನು ತಲೆ ಎತ್ತಿ ಬಸ್ಸು ಹತ್ತುತ್ತಿದ್ದೆ.

ಗುರವ್ವಕ್ಕನ ಮಗಳು ಸುಮಾ, ಅವ್ವ ಸೀರೆ ತೋರಿಸುವುದನ್ನೆಲ್ಲ ವಿಡಿಯೋ ಮಾಡಿ ಫೋನಿನಲ್ಲಿ ಹಾಕತೊಡಗಿದಳು. ದೂರದೂರಿಂದ ಆರ್ಡರ್ ಬಂದವು. ಗುರವ್ವಕ್ಕ ಹಿಗ್ಗಿ, ರೊಟ್ಟಿ ಬಡಿಯುತ್ತಲೇ ಕಾಮೆಂಟು ಓದಿಸಿಕೊಳ್ಳುವಳು. ಒಮ್ಮೆ ಯಾವನೋ ಬರೆದಿದ್ದ: "ಸೀರಿ ಬರೋಬ್ಬರಿ ಐತಿ, ಉಟ್ಟಾಕಿನ್ನ ಬದಲ ಮಾಡ್ರಿ." ಕೆಳಗೆ ನಗುವ ಮುಖಗಳ ಸಾಲು. ಸುಮಾ ಓದು ನಿಲ್ಲಿಸಿದಳು.

"ಮುಂದ ಓದ" ಎಂದಳು ಗುರವ್ವಕ್ಕ. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು.

ಹೊಗಳಿ ಬರೆದವರು ಬೇಕಾದಷ್ಟಿದ್ದರು. ಆಕೆ ಮಾತ್ರ ಫೋನ್ ಕಸಿದುಕೊಂಡು ಆ ಒಂದನ್ನೇ ಹುಡುಕುವಳು. ಕೊನೆಗೆ ಮುಖ ಬೆಳ್ಳಗೆ ಮಾಡುವ ಫಿಲ್ಟರ್ ಹಾಕಿಸಿದಳು. ಅದಿಲ್ಲದೆ ವಿಡಿಯೋನೇ ಬೇಡವೆಂದು ಹಟ ಹಿಡಿದಳು. "ಏ ಗುರವ್ವಾ, ನಿನ್ನ ಮುಖದ ಕೂಡ ನನ್ನ ಸೀರಿನೂ ಬೆಳ್ಳಗ ಆಗಾಕತ್ತೈತಿ!" ಎಂದು ಸಂಗಪ್ಪ ಮಗ್ಗದಿಂದಲೇ ಕೂಗಿದ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

"ಗೊತ್ತಿಲ್ಲದಾಂವ ಬರದದ್ದ ಮನಸಿಗೆ ಹಚ್ಚಿಕೊಂಡ್ರ ಹೆಂಗ ಅಕ್ಕಾ?" ಎಂದೆ.

"ಗೊತ್ತಿದ್ದವ್ರು ಮುಖಾ ನೋಡಿ ಸುಳ್ಳ ಹೇಳ್ತಾರ್ರಿ ಅಕ್ಕೋರ. ಗೊತ್ತಿಲ್ದಾಂವ ಯಾಕ ಸುಳ್ಳ ಹೇಳ್ಯಾನು?"

ಕಾಣದ ಆ ಮನುಷ್ಯನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಆ ಮನೆಯಲ್ಲಿ ಫೋನು ಗುಂಯ್ ಎಂದರೂ ಗುರವ್ವಕ್ಕ ಕೈಯ ಕೆಲಸ ಬಿಟ್ಟು ಏಳುತ್ತಿದ್ದಳು.

ನವನಗರಕ್ಕೆ ವರ್ಗವಾಗಿ ನಾನು ಅವರ ಮನೆಗೆ ಹೇಳಿ ಬರಲು ಹೋಗಿದ್ದ ಸಂಜೆಯೇ ಬಾದಾಮಿಯಿಂದ ಮದುವೆ ಮನೆಯವರು ಬಂದಿಳಿದರು. ವಿಡಿಯೋದಲ್ಲಿ ತಿಳಿ ಗುಲಾಬಿಯಾಗಿ ಕಂಡ ಸೀರೆ, ಪೊಟ್ಟಣ ಬಿಚ್ಚಿದರೆ ಕಡು ದಾಳಿಂಬರಿ ಬಣ್ಣದ್ದು. ಮದುಮಗಳ ತಾಯಿ ಅದನ್ನು ಕಟ್ಟೆಯ ಮೇಲೆ ಒಗೆದಳು. "ನಾಳಿ ಲಗ್ನ ಐತಿ. ಹಿಂಗ ಮೋಸ ಮಾಡೂದೇನ್ರಿ?"

ಓಣಿಯ ಜನ ಕೂಡಿತು. ಮೋಸ ಎಂಬ ಮಾತನ್ನು ಸಂಗಪ್ಪನ ಮನೆ ಅದುವರೆಗೆ ಕೇಳಿರಲಿಲ್ಲ. ವಿಡಿಯೋದಲ್ಲಿರುವುದು ತಾನೇ, ಫೋನು ತನ್ನ ಮುಖದ ಜೊತೆಗೆ ಸೀರೆಯ ಬಣ್ಣವನ್ನೂ ತಿಳಿಯಾಗಿಸಿದೆ ಎಂದು ಗುರವ್ವಕ್ಕ ಹೇಳಿಬಿಟ್ಟರೆ ಆಯಿತು. ಆಕೆ ಬಾಗಿಲಿಗೆ ಬಂದಳು. "ಹೇಳ" ಎಂದ ಸಂಗಪ್ಪ, ಬೆವರು ಒರೆಸಿಕೊಳ್ಳುತ್ತ.

ಆ ತಾಯಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ತಡಿಯವಾ. ವಿಡಿಯೋದಾಗ ಬರ್ತಾಳಲ್ಲ ಆ ಬೆಳ್ಳಾನ ಅಕ್ಕ, ಆಕಿನ್ನ ಕರೀರಿ."

ನಾವೆಲ್ಲ ಗುರವ್ವಕ್ಕನ ಕಡೆ ನೋಡಿದೆವು. ಆಕೆ ಬಗ್ಗಿ ಸೀರೆ ಎತ್ತಿಕೊಂಡು, ಧೂಳು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಚಿದಳು.

"ಆಕಿ ಊರಾಗಿಲ್ಲರಿ" ಎಂದಳು.