ತಮ್ಮನ ಮನೆಯಲ್ಲಿದ್ದ ನನ್ನ ಬೋಲ್ಟು

ಸಿಂಧನೂರಿನಲ್ಲಿ ನನ್ನ ತಮ್ಮನ, ಅಂದರೆ ಕಾಕಾನ ಮಗನ, ಹೊಸ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲೆ, ಹಳೆಯ ಫೌಜಿ ಬಂದೂಕೊಂದು ತೂಗುತ್ತಿದೆ. ಅದರ ಜೋಡಿ ಮಸ್ಕಿಯಲ್ಲಿ ನನ್ನ ಅಲಮಾರಿಯೊಳಗಿದೆ. ಅಜ್ಜ ಎರಡನ್ನೂ ಒಟ್ಟಿಗೇ ಕೊಂಡಿದ್ದ. ಪಾಲಾದಾಗ ಅಪ್ಪನಿಗೊಂದು, ಕಾಕಾನಿಗೊಂದು. ಅವನದನ್ನು ನೋಡಿದವರು 'ಅಬ್ಬಾ' ಅನ್ನುತ್ತಾರೆ. ನನ್ನದನ್ನು ನೋಡಿದವರು 'ಲೈಸೆನ್ಸ್ ಐತೇನ್ರಿ?' ಅಂತ ಕೇಳುತ್ತಾರೆ.

ಹೋದ ವರ್ಷ ನನ್ನದನ್ನು ಲಿಂಗಸುಗೂರಿನ ಬಂದೂಕು ರಿಪೇರಿಯವರ ಹತ್ತಿರ ಒಯ್ದೆ. ರಿಪೇರಿ ಏನೂ ಇರಲಿಲ್ಲ. ತಮ್ಮನದಕ್ಕಿಂತ ಇದೇ ಮೇಲು ಅಂತ ತಿಳಿದವರೊಬ್ಬರು ಹೇಳಲಿ ಎಂಬ ಆಸೆ, ಅಷ್ಟೇ. ಅವರು ಭೂತಗನ್ನಡಿ ಹಿಡಿದು ನಳಿಗೆಯ ಮೇಲಿನ ಕಿರೀಟದ ಗುರುತು ತೋರಿಸಿದರು, ತಪಾಸಣೆ ಮಾಡಿದವನ ಪುಟ್ಟ ಮುದ್ರೆ ತೋರಿಸಿದರು. ನಾನು ಉಬ್ಬುತ್ತಾ ಹೋದೆ. ಆಮೇಲೆ, ತೋಟಾ ತುಂಬಲು ಹಿಂದೆ ಮುಂದೆ ಎಳೆಯುತ್ತೇವಲ್ಲ, ಆ ಬೋಲ್ಟನ್ನು ಹೊರತೆಗೆದು ನೋಡಿ ಲೊಚಗುಟ್ಟಿದರು.

"ಸಾಹೇಬ್ರ, ಮೈ ಮ್ಯಾಲಿನ ನಂಬರ್ ಬ್ಯಾರೆ, ಬೋಲ್ಟಿನ ನಂಬರ್ ಬ್ಯಾರೆ. ಫೌಜಿನಾಗ ಎಲ್ಲಾದಕ್ಕೂ ಒಂದಾ ನಂಬರ್ ಹೊಡಿತಿದ್ರು. ಈ ಬೋಲ್ಟ್ ಬ್ಯಾರೆ ಬಂದೂಕಿಂದು. ಅಸಲಿ ಅಲ್ರಿ."

"ಹಂಗಾದ್ರ ನಮ್ಮ ತಮ್ಮಂದೂ ಅಸಲಿ ಇರಲಿಕ್ಕಿಲ್ಲ, ಹೌದಲ್ರಿ?"

"ನೋಡದ ಹೆಂಗ ಹೇಳ್ಲಿ?"

ನಾನೇ ನೋಡುವುದೆಂದು ಭೂತಗನ್ನಡಿ ಕೊಂಡು ಸಿಂಧನೂರಿಗೆ ಹೋದೆ. ತಮ್ಮ ನಗುನಗುತ್ತಾ ಗೋಡೆಯಿಂದ ಇಳಿಸಿ ಕೊಟ್ಟ. ಅವನ ಆ ನಗುವೂ ನನಗೆ ಸೇರುವುದಿಲ್ಲ. ನೋಡಿದರೆ, ಅಲ್ಲಿಯೂ ನಂಬರ್ ಕೂಡುತ್ತಿಲ್ಲ! ಎದೆಯಲ್ಲಿ ಹಬ್ಬವಾಯಿತು. ಅಷ್ಟಕ್ಕೇ ಬಿಡಬೇಕಿತ್ತು, ಬೋಲ್ಟಿನ ನಂಬರನ್ನು ಇನ್ನೊಮ್ಮೆ ಓದಿದೆ. ಅದು ನನ್ನ ಬಂದೂಕಿನ ನಂಬರು. ಲೈಸೆನ್ಸ್ ಎಲ್ಲಿ ಕಳೆದೀತೋ ಎಂಬ ಭಯಕ್ಕೆ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ದಸರೆಗೆ ಸಾಲಗುಂದದ ಅಜ್ಜನ ಮನೆಯಲ್ಲಿ ಆಗುತ್ತಿದ್ದ ಆಯುಧಗಳ ಖಂಡೆ ಪೂಜೆ ನೆನಪಾಯಿತು. ಎರಡೂ ಬೋಲ್ಟುಗಳನ್ನು ಕಳಚಿ, ಒರೆಸಿ, ಕಂಬಳಿಯ ಮೇಲೆ ಸಾಲಾಗಿಟ್ಟು ವಿಭೂತಿ ಹಚ್ಚುತ್ತಿದ್ದರು. ಆರತಿ ಮುಗಿದ ಮೇಲೆ ಊಟದ ಅವಸರದಲ್ಲಿ ಯಾವುದು ಯಾವುದಕ್ಕೆ ಹೋಯಿತೋ! ಎರಡೂ ಒಂದೇ ಅಳತೆ, ಸರಾಗ ಕೂತಿರಬೇಕು.

"ಏನರ ಸಿಕ್ತೇನಣ್ಣಾ?" ಅಂದ ತಮ್ಮ.

"ಏನಿಲ್ಲ ಬಿಡು. ಧೂಳು ಭಾಳ ಐತಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಅದಲಿ ಬದಲಿ ಮಾಡಿಕೊಂಡ್ರ ಮುಗೀತಲ್ರಿ. ನಿಮ್ದೂ ಅಸಲಿ ಆಗತೈತಿ."

"ಅವಂದೂ ಆಗತೈತಲ್ಲ!"

"ಅಯ್ಯ, ಆಗ್ಲಿ ಬಿಡ್ರಿ. ನಿಮ್ಮ ಹೊಟ್ಟ್ಯಾಗ ಅದೇನ್ ಕುದಿ!"

ಸುಮ್ಮನಿದ್ದರೆ ಎರಡೂ ನಕಲಿ, ಬಾಯಿಬಿಟ್ಟರೆ ಎರಡೂ ಅಸಲಿ. ನನ್ನದಷ್ಟೇ ಅಸಲಿಯಾಗುವ ದಾರಿಯನ್ನು ಬಹಳ ಹುಡುಕಿದೆ. ನನ್ನ ಬೋಲ್ಟ್ ಕಳೆದುಹೋಗಿದೆ ಅಂತ ಅವನದನ್ನು ಕೇಳಿದರೆ? ಕೊಟ್ಟೇಬಿಡುವ ಆಸಾಮಿ ಅವನು. ಆಮೇಲೆ ಅವನ ದೊಡ್ಡ ಮನಸ್ಸಿಗೂ ನಾನು ಉರಿಯಬೇಕು.

ಕೊನೆಗೆ ಬೋಲ್ಟನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಲೈಸೆನ್ಸನ್ನು ಜೇಬಿನಲ್ಲಿಟ್ಟು ಸಿಂಧನೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಪೊಲೀಸಪ್ಪನೊಬ್ಬ ಹತ್ತಿ ಪಕ್ಕದಲ್ಲೇ ಕೂತ. ಡಬ್ಬಿಯಲ್ಲಿ ಏನಿದೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನಾನು ಇಳಿಯುವವರೆಗೂ ಬೆವರುತ್ತಾ ಯೋಚಿಸಿದೆ.

ವಿಷಯ ಕೇಳಿ ತಮ್ಮ ಕುಣಿದಾಡಿದ. ಡಬ್ಬಿಯೊಳಗಿನದನ್ನು ಬೆಳಕಿಗೆ ಹಿಡಿದ.

"ಅಬಾಬಾ, ಏನ್ ಮಿಂಚಾಕತ್ತೈತಣ್ಣಾ! ಇಷ್ಟ್ ವರ್ಷ ನಮ್ಮದನ್ನ ಮಗನಂಗ ಸಾಕೀದಿ ನೋಡು!"

ಹೌದು. ತುಕ್ಕು ಹಿಡಿದೀತೆಂಬ ಚಿಂತೆಗೆ ಅಮಾವಾಸ್ಯೆ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಚ್ಚಿದವನು ನಾನೇ. ಅವನು ನನ್ನ ಕೈಗಿಟ್ಟದ್ದು ತುಕ್ಕು ಹಿಡಿದು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು.

"ನಮ್ಮನ್ಯಾಗ ಯಾರೂ ಮುಟ್ಟಂಗಿಲ್ಲಣ್ಣ. ಬರೇ ನೋಡಾದಾ."

ಈಗ ನನ್ನದು ಅಸಲಿ. ಬೋಲ್ಟು ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಮೊನ್ನೆ ಅಂಗಳದಲ್ಲಿ ಕೂತು ಅದನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಾಗ ತಮ್ಮನಿಂದ ವಿಡಿಯೋ ಬಂತು. ಖಟ್, ಖಟ್ ಎಂದು ಅವನ ಬೋಲ್ಟು ಹೋಗಿ ಬರುತ್ತಿತ್ತು. ಕೆಳಗೆ ಬರೆದಿದ್ದ: 'ಎಲ್ಲಾ ಅಣ್ಣನ ಕೃಪೆ.'

ಕೈ ಒರೆಸಿಕೊಂಡು, ಒಂದು ಹೆಬ್ಬೆರಳು ಕಳಿಸಿ, ಮತ್ತೆ ಉಜ್ಜತೊಡಗಿದೆ.