ಮಾರಮ್ಮನ ಅಂಗಳದ ಆಸ್ಪತ್ರೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಬೇರೆ ಮಾತಾಡಿದ್ದೇನೆ. ಇನ್ನು ಮುಂದೂಡಿದರೆ ನನ್ನ ಜೊತೆಗೇ ಹೋಗಿಬಿಡುತ್ತದೆ.

ಪೀಣ್ಯದ ಶೆಡ್ಡುಗಳು ಲಗ್ಗೆರೆಯ ನಮ್ಮ ಹೊಲಗಳ ಅಂಚಿಗೆ ಬಂದಿದ್ದ ಕಾಲ. ಕೂಲಿಯವರಿಗೆ ಜ್ವರ ಬಂದರೆ ತೋರಿಸಲು ಊರಲ್ಲಿ ಡಾಕ್ಟರಿರಲಿಲ್ಲ. ಕೆಲವು ಕಾರ್ಖಾನೆಯವರು ಸೇರಿ ಔಷಧಿಯ ಖರ್ಚು ಹೊತ್ತರು, ಪೇಟೆಯ ಒಂದು ಆಸ್ಪತ್ರೆ ವಾರಕ್ಕೆರಡು ದಿನ ಡಾಕ್ಟರನ್ನು ಕಳಿಸಿತು, ನಮ್ಮೂರು ಮಾರಮ್ಮನ ಗುಡಿಯಂಗಳದ ಕೋಣೆ ಕೊಟ್ಟಿತು. ಎಸ್ಸೆಸ್ಸೆಲ್ಸಿ ಓದಿದವನೆಂದು ಬಾಗಿಲು ಕಾಯುವ ಕೆಲಸ ನನಗೆ ಬಂತು. ಹಿರಿಯರು ಡಾಕ್ಟರಿಗೆ ತಿಳಿಸದೆ ನನಗೊಂದು ಮಾತು ಹೇಳಿದ್ದರು: ದಡಾರ, ಸೀತಾಳೆ ಎದ್ದ ಮಕ್ಕಳನ್ನು ಒಳಗೆ ಬಿಡಬೇಡ. ಅದು ಅಮ್ಮನೇ ಮೈಮೇಲೆ ಬಂದಿರುವುದು, ಅವಳ ಅಂಗಳದಲ್ಲೇ ಅವಳಿಗೆ ಸೂಜಿ ಚುಚ್ಚಿದರೆ ಊರಿಗೆ ಕೇಡು. ನಾನೂ ನಂಬಿದ್ದೆ.

ಆ ಬೇಸಿಗೆಯಲ್ಲಿ ಒಂದೊಂದೇ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತ ಬಂತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂದು ಬೀದಿಯಲ್ಲಿ ಅದರ ವಾಸನೆ ನಿಂತುಹೋಯಿತು. ನಮ್ಮ ವಠಾರದ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹೆಂಗಸು, ಬೋಲ್ಟು ಪಾಲಿಶ್ ಮಾಡುವವಳು, ಮಗಳನ್ನು ಸೆರಗಿನಲ್ಲಿ ಸುತ್ತಿ ತಂದಳು. ಮುಖದ ತುಂಬ ಕೆಂಪು ದದ್ದು. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು.

"ಅಣ್ಣ, ಉಸ್ರು ಎಳೀತಾವ್ಳೆ. ಡಾಕ್ಟ್ರಿಗೆ ಒಂದ್ಸಲ ತೋರುಸ್ಬುಟ್ಟು ಓಗ್ತೀನಿ."

"ಅಮ್ಮ ಬಂದವ್ಳಲ್ಲಮ್ಮ. ಅಮ್ಮ ಇಳ್ದು ತಲೆಗೆ ನೀರಾಕಿದ್ಮೇಲೆ ಬಾ."

"ಅಷ್ಟೊತ್ಗೆ ಇರ್ತಾಳಾ ಅಣ್ಣ?"

ಸಾಲಿನಲ್ಲಿದ್ದ ಒಬ್ಬ ಮುದುಕಿ, "ತಾಯಿ ಎದುರ್ಗೇ ಕೂತವ್ಳೆ, ಅವ್ಳನ್ ಬುಟ್ಟು ಡಾಕ್ಟ್ರನ್ ಕೇಳ್ತೀಯಲ್ಲೇ," ಎಂದು ಮೂದಲಿಸಿದಳು.

"ಯಾರಪ್ಪ ಅದು?" ಪರದೆಯಾಚೆಯಿಂದ ಡಾಕ್ಟರು ಕೇಳಿದರು.

"ಯಾರೂ ಇಲ್ಲ ಸಾರ್. ಮುಂದಿನೋರ್ನ ಕಳುಸ್ತೀನಿ," ಎಂದೆ.

ಅವಳು ಮಗಳ ಮೇಲೆ ಸೆರಗು ಎಳೆದುಕೊಂಡು ಹೊರಟುಹೋದಳು. ವಠಾರದ ಗೋಡೆ ತೆಳ್ಳಗಿತ್ತು. ಆ ಉಸಿರು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ಡಾಕ್ಟರು ಮತ್ತೆ ಬರುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಆಗಿತ್ತು. ಅವರು ಏನನ್ನೂ ಕೇಳಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ಸೂತಕ ಕಳೆದ ಮೇಲೆ ಅವಳು ಅಮ್ಮನಿಗೆ ಮೊಸರನ್ನ ತಂದಳು. ಗುಡಿಗೆ ಹೋಗುವ ಮೊದಲು ನನ್ನ ಮುಂದೆ ನಿಂತಳು.

"ತಪ್ಪಾಯ್ತಣ್ಣ. ಅಮ್ಮನ್ನ ಎತ್ಕೊಂಡು ಬೀದೀಗ್ ತಂದ್ಬುಟ್ಟೆ. ಅದ್ಕೇ ಮುನುಸ್ಕೊಂಡ್ಲು."

"ಆಯ್ತು ಬಿಡಮ್ಮ," ಎಂದೆ. ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿದೆ.

ಕೋಣೆ ಖಾಲಿ ಮಾಡುವವರೆಗೂ ಅವಳು ದಿನವೂ ಬಾವಿಕಟ್ಟೆಯಲ್ಲಿ ಸಿಗುತ್ತಿದ್ದಳು. ನಾನು ಕ್ಷಮೆ ಕೇಳಬೇಕಿದ್ದದ್ದು, ಕೇಳದೇ ಉಳಿದದ್ದು ಅವಳಲ್ಲಿ, ಆ ಹುಡುಗಿಯ ತಾಯಿಯಲ್ಲಿ.