ನೆಶ್ ಅನ್ನಿಸಿಕೊಂಡವನು

ನಮ್ಮ ಡಾರ್ಬಿಶೈರ್ ಗುಡ್ಡಗಳಲ್ಲಿ ಒಬ್ಬನನ್ನು ಕಳ್ಳ ಎಂದರೂ ತಡೆದುಕೊಂಡಾನು, ‘ನೆಶ್’ ಎಂದರೆ ಸಾಯುವತನಕ ಮರೆಯುವುದಿಲ್ಲ. ನಾಲ್ಕು ಜನಕ್ಕೆ ತಾಕದ ಚಳಿ ತನಗೊಬ್ಬನಿಗೇ ತಾಕಿತು ಎನ್ನುವವನು ನೆಶ್. ಸುಣ್ಣಕಲ್ಲು ಒಡೆಯುವ ಈನಕ್ ಟನಿಕ್ಲಿಫ್‌ಗೆ ಅವನಪ್ಪ ಆರು ವರ್ಷಕ್ಕೇ ಈ ಹೆಸರಿಟ್ಟಿದ್ದ. ಕೈಗವಸು ಕೇಳಿದ್ದೇ ತಪ್ಪಾಗಿತ್ತು. ಅಂದಿನಿಂದ ಈನಕ್ ಹಿಮ ಬೀಳುವಾಗಲೂ ಅಂಗಿಯ ತೋಳು ಮಡಚಿಕೊಂಡೇ ತಿರುಗಿದ. ಮೂಗು ನೀಲಿಗಟ್ಟಿದ್ದರೂ ಯಾರಾದರೂ ಕೇಳಿದರೆ “ಹಿತವಾಗಿದೆ” ಎನ್ನುತ್ತಿದ್ದ. ಹಾಳು ಜಂಬ.

ಒಂದು ಜನವರಿಯಲ್ಲಿ ಹೆಂಡತಿ ಕೆಜಾಯಾ ಹಾಸಿಗೆ ಹಿಡಿದಳು. ನಮ್ಮ ಬೀದಿಯಲ್ಲಿ ಹೆರಿಗೆಗೋ ಸಾವಿಗೋ ಬಿಟ್ಟರೆ ಮಹಡಿಯ ಕೋಣೆಯ ಅಗ್ಗಿಷ್ಟಿಕೆಗೆ ಬೆಂಕಿ ಹಾಕುವವರಿಲ್ಲ. ಹಾಕಿದರೆ ಮೇಲಿನ ಚಿಮಣಿಯ ಹೊಗೆ ಊರಿಗೆಲ್ಲ ಕಾಣುತ್ತದೆ.

“ಈನಕ್, ಮೂಳೆ ಒಳಗೇ ಚಳಿ. ಒಂಚೂರು ಬೆಂಕಿ ಹಾಕ್ತೀಯಾ?”

“ಏನೇ, ನೆಶ್ ಆಗ್ಬಿಟ್ಯಾ? ನಂಗೆ ಸೆಕೆ ಆಗ್ತಿದೆ,” ಎಂದು ಅವನು ಕಿಟಕಿ ತೆರೆದ. ಮಗಳು ಹಿಲ್ಡಾ ಇದ್ದಲ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಬುಟ್ಟಿ ಸಮೇತ ಕೆಳಗೆ ಅಟ್ಟಿದ. ಕೆಜಾಯಾಳೂ ಈ ಗುಡ್ಡದವಳೇ. ಆ ಮಾತು ಬಿದ್ದ ಮೇಲೆ ಹಲ್ಲು ಕಚ್ಚಿ ನಡುಕ ನುಂಗಿದಳು, ಮತ್ತೆ ಕೇಳಲಿಲ್ಲ.

ಮೂರನೆಯ ದಿನ ಅವಳಿಗೆ ಮಾತು ತೊದಲಿದಾಗ ಹಿಲ್ಡಾ ತಾನೇ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ಲಂಡನ್ನಿನಿಂದ ಹೊಸದಾಗಿ ಬಂದವರು.

“ಚಳಿ ಅಂತ ಹೇಳ್ತಿದ್ರಾ?”

“ಏನಿಲ್ಲ ಡಾಕ್ಟ್ರೇ, ಸುಮ್ನೆ ನೆಶ್.”

“ಹಾಗಂದ್ರೇನ್ರಿ?”

ಹುಟ್ಟಿದಾಗಿನಿಂದ ಆಡಿದ ಮಾತಿಗೆ ಅರ್ಥ ಹೇಳಬೇಕಾಗಿ ಬಂದದ್ದು ಈನಕ್‌ಗೆ ಅದೇ ಮೊದಲು. “ಅದೇ... ಬೇರೆಯವ್ರಿಗೆಲ್ಲ ಚೆನ್ನಾಗಿದ್ದಾಗ ಒಬ್ರಿಗೇ ಚಳಿ ಹತ್ತೋದು.”

“ಅದಕ್ಕೆ ನಾವು ಜ್ವರ ಅಂತೀವಿ,” ಎಂದರು ಡಾಕ್ಟರು. “ಎರಡೂ ಶ್ವಾಸಕೋಶ ಕಟ್ಟಿದೆ. ಮೊದಲು ಬೆಂಕಿ ಹಾಕಿ.”

ಹಾಕಿದರು. ಮೇಲಿನ ಹೊಗೆ ಕಂಡು ಎದುರುಮನೆಯಾಕೆ ಯಾರಿಗೆ ಏನಾಯಿತೆಂದು ಕೇಳಲು ಬರುವಷ್ಟರಲ್ಲಿ ಕೆಜಾಯಾ ತೀರಿಕೊಂಡಿದ್ದಳು.

ಇಪ್ಪತ್ತು ವರ್ಷದ ಮೇಲೆ ಸೊಂಟ ಮುರಿದ ಈನಕ್ ಹಿಲ್ಡಾಳ ಮನೆ ಸೇರಿದ. ಹೊತ್ತುಹೊತ್ತಿಗೆ ಊಟ ಹಾಕಿದಳು, ಮೈ ಒರೆಸಿದಳು, ಒಂದಕ್ಕೂ ಕಡಿಮೆ ಮಾಡಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ಅವನು, ಎಂದೂ ಕೇಳದವನು, ಕೇಳಿಯೇಬಿಟ್ಟ.

“ಹಿಲ್ಡಾ, ಇನ್ನೊಂದು ಕಂಬಳಿ ಕೊಡ್ತೀಯೇನಮ್ಮಾ?”

ಅವಳು ಹೋಗಿ ಕಿಟಕಿ ತೆರೆದಳು.

“ಏನಪ್ಪಾ, ನೆಶ್ ಆಗ್ಬಿಟ್ಯಾ?”

ಈನಕ್ ಅವಳ ಮುಖ ನೋಡಿದ. ಹಲ್ಲು ಕಟಕಟಿಸುತ್ತಿತ್ತು.

“ಇಲ್ಲಮ್ಮ,” ಎಂದ. “ಹಿತವಾಗಿದೆ.”